ಸ್ಟಿಕ್ಕು ಕೈಯಲ್ಲಿದ್ದಾಗ ಆಡಿದ ಮಾತು

ಕಂಡಕ್ಟರಮ್ಮ ನಿವೃತ್ತರಾಗಿ ವರ್ಷಗಳೇ ಆಗಿದ್ದರೂ ಬಸ್ಸು ಅವರ ಮೈಯಿಂದ ಇಳಿದಿರಲಿಲ್ಲ. ಒಲೆಯ ಮುಂದೆ ನಿಂತರೂ ಕಾಲು ಅಗಲಿಸಿ, ಸೊಂಟವನ್ನು ಅಡುಗೆಕಟ್ಟೆಗೆ ಆನಿಸಿಯೇ ನಿಲ್ಲುವರು. ಯಾವ ಗಳಿಗೆಯಲ್ಲಿ ಯಾವ ಪುಣ್ಯಾತ್ಮ ಬ್ರೇಕ್ ಹಾಕುತ್ತಾನೋ ಯಾರಿಗೆ ಗೊತ್ತು. ಲಿಫ್ಟಿನ ಬಾಗಿಲಲ್ಲಿ ನಾಲ್ಕು ಜನ ಗುಂಪುಗಟ್ಟಿದ್ದರೆ, ಒಳಗೆ ಜಾಗ ಇದೆ, ಮುಂದೆ ಹೋಗಿ ಎಂದು ಎಲ್ಲರನ್ನೂ ಹಿಂದಿನ ಗೋಡೆಗೆ ಅಂಟಿಸಿದ ಮೇಲೆಯೇ ಅವರಿಗೆ ಸಮಾಧಾನ. ಇಡೀ ಸರ್ವಿಸಿನಲ್ಲಿ ಅವರ ಮೇಲೆ ಒಂದು ಕಂಪ್ಲೇಂಟ್ ಬಂದಿರಲಿಲ್ಲ. ಇದನ್ನು ಅವರು ಕೇಳಿದವರಿಗೂ ಹೇಳುವರು, ಕೇಳದವರಿಗೂ ಹೇಳುವರು. ಆ ಬಾಯಿಯ ಎದುರು ನಿಂತು ಕಂಪ್ಲೇಂಟ್ ಕೊಡುವಷ್ಟು ಗಂಡೆದೆಯವರು ಆ ರೂಟಿನಲ್ಲಿ ಯಾರೂ ಓಡಾಡುತ್ತಿರಲಿಲ್ಲ ಎಂಬುದು ಡಿಪೊದವರ ವಿವರಣೆ.

ಮನೆಯಲ್ಲಿದ್ದವರು ಮೂವರು. ಕಂಡಕ್ಟರಮ್ಮ, ಅವರ ಮಗ, ಸೊಸೆ. ಮಗನದು ಕನ್ನಡಕದ ಅಂಗಡಿ. ದಿನವಿಡೀ ಬಂದವರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ, ಮೊದಲನೆಯದು ಚೆನ್ನಾಗಿ ಕಾಣುತ್ತದೋ ಎರಡನೆಯದೋ ಎಂದು ಕೇಳಿ ಕೇಳಿ, ಅವನಿಗೇ ಯಾವ ವಿಷಯದಲ್ಲೂ ಒಂದು ಅಭಿಪ್ರಾಯ ಎನ್ನುವುದು ಉಳಿದಿರಲಿಲ್ಲ. ಅಮ್ಮ ಸರಿಯೋ ಹೆಂಡತಿ ಸರಿಯೋ ಎಂದರೆ ಎರಡೂ ಒಂದೇ ಥರ ಕಾಣುತ್ತೆ ಎಂದು ಜಾರಿಕೊಳ್ಳುವ ಆಸಾಮಿ. ಸೊಸೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಾರನ್ನು ಫುಟ್‌ಪಾತಿನ ಮೇಲೆ ಹತ್ತಿಸಿದವರಿಗೂ, ತರಕಾರಿ ಗಾಡಿಯ ಕಡೆ ತಿರುಗಿಸಿದವರಿಗೂ, ಪರವಾಗಿಲ್ಲ, ಇನ್ನೊಮ್ಮೆ ಪ್ರಯತ್ನ ಮಾಡಿ ಎಂದು ನಗುತ್ತ ಹೇಳುವುದು ಅವಳ ಹೊಟ್ಟೆಪಾಡು. ಅವಳ ಬಲಗಾಲು ಮಾತ್ರ ಸದಾ ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಗಂಡ ಊಟದ ತಟ್ಟೆಯ ಕಡೆಗೆ ಸ್ವಲ್ಪ ಜೋರಾಗಿ ಕೈ ಚಾಚಿದರೂ ಮೇಜಿನ ಕೆಳಗೆ ಅವಳ ಕಾಲು ನೆಲವನ್ನು ಅದುಮುತ್ತಿತ್ತು.

ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ನಡೆದ ಮರ್ಯಾದೆಯನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ನೀವು ಮೊದಲು ಕೂತ್ಕೊಳ್ಳಿ ಅತ್ತೆ ಎಂದು ಇವಳು, ಬೇಡಮ್ಮ ನೀನೇ ದಣಿದು ಬಂದಿದ್ದೀಯ ಎಂದು ಅವರು. ಕಡೆಗೆ ಇಬ್ಬರೂ ನಿಂತೇ ಇರುವರು. ಫ್ರಿಜ್ಜಿನಲ್ಲಿ ಉಳಿದ ಕೊನೆಯ ಮೊಟ್ಟೆಯನ್ನು ಅತ್ತೆಗಿರಲಿ ಎಂದು ಸೊಸೆ ಬಿಟ್ಟಳು, ಸೊಸೆಗಿರಲಿ ಎಂದು ಅತ್ತೆ ಬಿಟ್ಟರು, ಅದು ಕೊಳೆತು ಮನೆಯೆಲ್ಲ ನಾತ ಹೊಡೆದಾಗಲೂ ವಾಸನೆ ಬರುತ್ತಿದೆ ಎಂದು ಮೊದಲು ಬಾಯಿ ಬಿಡುವ ಒರಟುತನ ಇಬ್ಬರಿಗೂ ಬರಲಿಲ್ಲ. ಒಳಗೊಳಗೆ ಇಬ್ಬರೂ ಕುದಿಯುತ್ತಿದ್ದರು. ಸೊಸೆ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದನ್ನು ಕಂಡರೆ ಕಂಡಕ್ಟರಮ್ಮನಿಗೆ ಎದೆ ಉರಿ ಬರುತ್ತಿತ್ತು. ಅತ್ತೆ ಬೆಳಗಿನ ಜಾವಕ್ಕೇ ಎದ್ದು ಪಾತ್ರೆಗಳನ್ನು ಧಡಧಡ ಇಡುವುದನ್ನು ಕೇಳಿದರೆ ಸೊಸೆಗೆ ತಲೆ ಸಿಡಿಯುತ್ತಿತ್ತು. ಆದರೆ ತುಟಿ ಪಿಟಕ್ಕೆನ್ನಬೇಕಲ್ಲ.

ಇದನ್ನು ಬಿಡಿಸಿದ್ದು ಒಂದು ಹಂದಿ. ಮಗ ಮದುವೆಗೆ ಮುಂಚೆ ಕೊಂಡಿದ್ದ ಒಂದು ವಿಡಿಯೊ ಗೇಮಿನ ಡಬ್ಬ ಹಾಲಿನ ಟಿವಿಯ ಕೆಳಗಿತ್ತು, ಅದಕ್ಕೆ ವೈರು ಕಟ್ಟಿದ ಎರಡು ಜಾಯ್‌ಸ್ಟಿಕ್ಕು. ಅದರಲ್ಲೊಂದು ಆಟ: ಪ್ರಾಣಿಗಳು ಪುಟ್ಟ ಪುಟ್ಟ ಗಾಡಿ ಹತ್ತಿ ರೇಸ್ ಓಡುವುದು, ಓಡುತ್ತ ಒಬ್ಬರ ಮೇಲೊಬ್ಬರು ಕುಂಬಳಕಾಯಿ ಎಸೆಯುವುದು. ಇಬ್ಬರು ಆಡಿದರೆ ಟಿವಿಯ ಪರದೆ ಅಡ್ಡಲಾಗಿ ಎರಡಾಗಿ, ಮೇಲಿನರ್ಧ ಒಬ್ಬರಿಗೆ, ಕೆಳಗಿನರ್ಧ ಇನ್ನೊಬ್ಬರಿಗೆ. ಒಂದು ರಜೆಯ ದಿನ ಗಂಡ ಹೆಂಡತಿ ಆಡುತ್ತಿದ್ದಾಗ ಅಂಗಡಿಯಿಂದ ಫೋನ್ ಬಂತು. ಮಗ ಎದ್ದು, ಅಮ್ಮ ಒಂದ್ನಿಮಿಷ ಹಿಡ್ಕೋ ಎಂದು ಸ್ಟಿಕ್ಕನ್ನು ಕಂಡಕ್ಟರಮ್ಮನ ಕೈಗೆ ತುರುಕಿ ಹೋದ. ಅಷ್ಟು ವರ್ಷ ಬಸ್ಸಿನಲ್ಲಿ ಕಳೆದಿದ್ದರೂ ಅವರು ಜನ್ಮದಲ್ಲಿ ಒಂದು ಸ್ಟೀರಿಂಗ್ ಮುಟ್ಟಿದವರಲ್ಲ. ಹಂದಿಯ ಗಾಡಿ ಸ್ವಲ್ಪ ದೂರ ಅಡ್ಡಾದಿಡ್ಡಿ ಓಡಿತು. ರಸ್ತೆಯ ಪಕ್ಕದಲ್ಲಿ ರೇಸ್ ನೋಡುವ ಜನರ ಚಿತ್ರ ಬಂತು, ಎಲ್ಲರೂ ಕೈ ಎತ್ತಿ ಕುಣಿಯುತ್ತಿದ್ದರು. ಕಂಡಕ್ಟರಮ್ಮ ಗಾಡಿ ನಿಲ್ಲಿಸಿದರು.

ಯಾಕೆ ನಿಲ್ಲಿಸಿದಿರಿ ಎಂದು ಸೊಸೆ ಕೇಳಿದಳು. ಅಷ್ಟೊಂದು ಜನ ಕೈ ಅಡ್ಡ ಹಾಕುತ್ತಿದ್ದಾರಲ್ಲ, ಬಿಟ್ಟು ಹೋಗುವುದು ಹೇಗೆ ಎಂದರು ಕಂಡಕ್ಟರಮ್ಮ. ಸೊಸೆ ಬಾಯಿ ಮುಚ್ಚಿಕೊಂಡಳು, ಆಗಲಿಲ್ಲ, ಸೋಫಾದ ಮೇಲೆ ಉರುಳಿ ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ಸದ್ದು ಮಾಡಿ ನಕ್ಕದ್ದು ಅದೇ ಮೊದಲು. ನಗುತ್ತಲೇ ತನ್ನ ಕೋಳಿಯ ಗಾಡಿಯಿಂದ ಒಂದು ಕುಂಬಳಕಾಯಿ ಎಸೆದು ಹಂದಿಯನ್ನು ಹೊಂಡಕ್ಕೆ ಕೆಡವಿದಳು. ಆಗ ಕಂಡಕ್ಟರಮ್ಮನ ಬಾಯಿಂದ ಡಿಪೊದ ಒಂದು ಮಾತು ಹೊರಬಿತ್ತು. ಏನು ಮಾತು ಎಂದು ಇಲ್ಲಿ ಬರೆಯುವುದು ಬೇಡ. ಹಿಂದೆ ಅದನ್ನು ಕೇಳಿಸಿಕೊಂಡ ಒಬ್ಬ ಲಾರಿಯವನು ತಾನಾಗಿಯೇ ರಸ್ತೆ ಬಿಟ್ಟುಕೊಟ್ಟಿದ್ದ. ಸೊಸೆ ಕಕ್ಕಾಬಿಕ್ಕಿಯಾದಳು. ಆದರೆ ಆಟ ಓಡುತ್ತಲೇ ಇತ್ತು, ಹಂದಿ ಹೊಂಡದಿಂದೆದ್ದು ಅವಳ ದಾರಿಗೆ ಅಡ್ಡ ನಿಂತಿತ್ತು, ಇಷ್ಟು ದಿನ ಎಲ್ಲಕ್ಕೂ ಆಯ್ತು ಅತ್ತೆ ಎನ್ನುತ್ತಿದ್ದ ಬಾಯಿ ತಾನಾಗಿ ತೆರೆದುಕೊಂಡಿತು.

"ಹಿಂದಿನಿಂದ ಆವಾಗ್ಲಿಂದ ಹಾರ್ನ್ ಹೊಡೀತಿದ್ದೀನಿ, ಕಿವಿ ಕೇಳ್ಸಲ್ವಾ ನಿಮ್ಗೆ?"

ಅಂದದ್ದೇ ತಡ, ನಾಲಗೆ ಕಚ್ಚಿಕೊಂಡು ಸ್ಟಿಕ್ಕನ್ನು ಕೆಳಗಿಟ್ಟಳು. ಬೈಸಿಕೊಂಡದ್ದಕ್ಕೆ ಕಂಡಕ್ಟರಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದಲಿಗೆ, ಬಹಳ ದಿನದಿಂದ ಮುಚ್ಚಿದ್ದ ಕಿಟಕಿಯನ್ನು ಯಾರೋ ತೆರೆದ ಹಾಗೆ ಹಾಯೆನಿಸಿತು. ಸ್ಟಿಕ್ಕನ್ನು ಎತ್ತಿ ಸೊಸೆಯ ಕೈಗೆ ವಾಪಸ್ಸು ಕೊಟ್ಟು, ಬಸ್ಸಿನ ಕಾಯಿದೆ ಹೇಳುವ ದನಿಯಲ್ಲಿ ಹೇಳಿದರು: "ಸ್ಟಿಕ್ಕು ಕೈಯಲ್ಲಿದ್ದಾಗ ಆಡಿದ ಮಾತು ಲೆಕ್ಕಕ್ಕಿಲ್ಲ. ಕೆಳಗಿಟ್ಟ ಮೇಲೆ ಅದನ್ನ ಎತ್ತೋ ಹಾಗಿಲ್ಲ. ಓಡ್ಸು."

ಅಲ್ಲಿಂದ ಶುರುವಾಯಿತು ಆ ಮನೆಯ ಸುಖದ ಕಾಲ. ಸಂಜೆ ಸೊಸೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಟಿವಿ ಹತ್ತಿರುತ್ತಿತ್ತು. ಕಂಡಕ್ಟರಮ್ಮ ಕೂತು ಆಡುತ್ತಿರಲಿಲ್ಲ. ಕಾಲು ಅಗಲಿಸಿ ನಿಂತು, ತಿರುವು ಬಂದಾಗ ಇಡೀ ಮೈಯನ್ನು ಆ ಕಡೆ ವಾಲಿಸಿ, ಎಷ್ಟೋ ಸಲ ಹಾಗೇ ಸೊಸೆಯ ಮೇಲೆ ಬೀಳುವರು. ಬೀಳದಿದ್ದಾಗ ಮೊಣಕೈಯಲ್ಲಿ ತಿವಿಯುವರು. ಸೋಲುತ್ತಿದ್ದರೆ ಟಿವಿಗೇ ಅಡ್ಡ ನಿಲ್ಲುವರು. ಸೊಸೆಯೇನು ಕಡಿಮೆಯೇ? ತಿರುವಿನಲ್ಲೆಲ್ಲ ಅಚ್ಚುಕಟ್ಟಾಗಿ ವೇಗ ತಗ್ಗಿಸುವ ಅವಳು, ಅತ್ತೆ ಗೆಲ್ಲುವ ಹಾಗೆ ಕಂಡರೆ ಕಾಲಿನಿಂದ ಅವರ ವೈರನ್ನು ಎಳೆಯುತ್ತಿದ್ದಳು. ಇಬ್ಬರೂ ತಮ್ಮ ಅರ್ಧ ಪರದೆಗಿಂತ ಹೆಚ್ಚಾಗಿ ಇನ್ನೊಬ್ಬರ ಅರ್ಧವನ್ನೇ ನೋಡುತ್ತಿದ್ದರು. ಬಾಯಂತೂ ಇಬ್ಬರದೂ ಬಿಡುವಿಲ್ಲದೆ ನಡೆಯುತ್ತಿತ್ತು. ಒದ್ದೆ ಟವೆಲಿನ ವಿಚಾರ ಮೊದಲ ತಿರುವಿನಲ್ಲಿ ಬಂದರೆ ಪಾತ್ರೆಯ ಸದ್ದು ಸೇತುವೆಯ ಮೇಲೆ ಬರುವುದು. ಮಗನನ್ನು ಮುದ್ದು ಮಾಡಿ ಕೆಡಿಸಿದ್ದು ಯಾರು ಎಂಬ ದೊಡ್ಡ ಪ್ರಶ್ನೆಯನ್ನು ಕೊನೆಯ ಸುತ್ತಿಗೆ ಇಟ್ಟುಕೊಳ್ಳುತ್ತಿದ್ದರು. ಒಬ್ಬರ ಜನ್ಮ ಒಬ್ಬರು ಜಾಲಾಡಿದ ಮೇಲೆ ರೇಸ್ ಮುಗಿಯುವುದು, ಸ್ಟಿಕ್ಕು ಕೆಳಗಿಳಿಯುವುದು, ರಾತ್ರಿಗೆ ಏನು ಅಡುಗೆ ಮಾಡಲಿ ಅತ್ತೆ ಎಂದು ಸೊಸೆ ಕೇಳುವಳು, ನಿನಗೇನಿಷ್ಟವೋ ಅದೇ ಮಾಡಮ್ಮ ಎಂದು ಅವರು ಹೇಳುವರು. ಮಾರನೆಯ ದಿನ ನೋಡಿದರೆ ಟವೆಲು ತಂತಿಯ ಮೇಲಿರುತ್ತಿತ್ತು, ಪಾತ್ರೆಗಳು ಬೆಕ್ಕಿನ ಹೆಜ್ಜೆಯಲ್ಲಿ ಕೆಳಗಿಳಿಯುತ್ತಿದ್ದವು. ಲೆಕ್ಕಕ್ಕಿಲ್ಲದ ಮಾತಾದ್ದರಿಂದ ಯಾರೂ ಯಾರಿಗೂ ಸೋತಂತಾಗುತ್ತಿರಲಿಲ್ಲ.

ಪಕ್ಕದ ಮನೆಯ ಟೈಲರಮ್ಮ ಒಂದು ಸಂಜೆ ಗೋಡೆಯಾಚೆಯಿಂದ ನಿನ್ನ ಕೊಂದ್ಹಾಕ್ತೀನಿ, ಹೊಂಡಕ್ಕೆ ತಳ್ತೀನಿ ಎಂಬುದನ್ನು ಕೇಳಿ, ಕೈಯಲ್ಲಿದ್ದ ಕತ್ತರಿಯ ಸಮೇತ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು. ಬಂದು ನೋಡಿದರೆ ಅತ್ತೆಯ ಕಾಲು ಸೊಸೆಯ ತೊಡೆಯ ಮೇಲೆ, ಸೊಸೆಯ ಕೈ ಅತ್ತೆಯ ಕಣ್ಣಿಗೆ ಅಡ್ಡ. ಜಗಳ ಬಿಡಿಸುವುದೆಲ್ಲಿಂದ ಎಂದು ತಿಳಿಯದೆ ಪಾಪ ಟೈಲರಮ್ಮ ಒಂದು ರೇಸ್ ಪೂರ್ತಿ ನಿಂತು ನೋಡಿ ಹೋದಳು. ತನ್ನ ಸೊಸೆಗೂ ಇಂಥದೊಂದು ಕೊಡಿಸಬೇಕೆಂದು ಹೋಗುವಾಗ ಹೇಳಿದಳಂತೆ.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಕಲ್ಲು ಬಿದ್ದದ್ದು ಕಂಡಕ್ಟರಮ್ಮನ ಕೈಯಿಂದಲೇ. ಒಂದು ಸಂಜೆ ದೊಡ್ಡ ತಿರುವಿನಲ್ಲಿ ಅವರು ಎಡಕ್ಕೆ ವಾಲಿದ ರಭಸಕ್ಕೆ ಸ್ಟಿಕ್ಕಿನ ವೈರು ಜಗ್ಗಿ, ಡಬ್ಬ ಟಿವಿ ಸ್ಟ್ಯಾಂಡಿನಿಂದ ಧೊಪ್ಪೆಂದು ಕೆಳಗೆ ಬಿತ್ತು. ರಿಪೇರಿಯವನು ಅದನ್ನು ಬಿಚ್ಚಿ ನೋಡಿ, ಇದರ ಪಾರ್ಟು ಈಗ ಮ್ಯೂಸಿಯಮ್ಮಿನಲ್ಲೂ ಸಿಗುವುದಿಲ್ಲ ಎಂದು ವಾಪಸ್ಸು ಕೊಟ್ಟ. ಕಂಡಕ್ಟರಮ್ಮ ಮಗನನ್ನು ಎಳೆದುಕೊಂಡು ತಾವೇ ಗೇಮಿನ ಅಂಗಡಿಗೆ ಹೋದರು. ಅದೇ ಆಟದ ಹೊಸ ಅವತಾರ ಬಂದಿತ್ತು. ಹಂದಿಯ ಮೈಮೇಲಿನ ಒಂದೊಂದು ಕೂದಲೂ ಕಾಣುವಂಥ ಚಂದ. ಆದರೆ ಒಂದೇ ಟಿವಿಯಲ್ಲಿ ಇಬ್ಬರು ಆಡುವುದು ಹೇಗೆ ಎಂದು ಕೇಳಿದ್ದಕ್ಕೆ ಅಂಗಡಿಯಾತ, ಹಂಡೆ ಒಲೆ ಇದೆಯಾ ಎಂದು ಕೇಳಿದವರನ್ನು ನೋಡುವ ಹಾಗೆ ಅವರನ್ನು ನೋಡಿದ. ಅದನ್ನೆಲ್ಲ ಈಗ ತೆಗೆದುಹಾಕಿದ್ದಾರೆ, ಒಬ್ಬೊಬ್ಬರಿಗೂ ಒಂದೊಂದು ಡಬ್ಬ, ಒಂದೊಂದು ಟಿವಿ ಇಟ್ಟುಕೊಂಡರೆ ಮನೆಯಲ್ಲಿ ಕೂತು ಇಡೀ ಪ್ರಪಂಚದ ಜೊತೆ ಆಡಬಹುದು ಎಂದು ವಿವರಿಸಿದ.

"ಪ್ರಪಂಚದ ಮೇಲೆ ನಂಗೇನೂ ಸಿಟ್ಟಿಲ್ಲಪ್ಪ," ಅಂದರು ಕಂಡಕ್ಟರಮ್ಮ. "ನಂಗೆ ಸೊಸೆ ಜೊತೆ ಆಡ್ಬೇಕು."

ಆತ ನಕ್ಕು, ಸೊಸೆಯೂ ಪ್ರಪಂಚದೊಳಗೇ ಇರುತ್ತಾರಲ್ಲ ಎಂದ. ಆಟ ತಯಾರಿಸುವ ಮಹಾನುಭಾವರು ಹಂದಿಯ ಕೂದಲನ್ನು ಎಣಿಸಿ ಎಣಿಸಿ ಅಂಟಿಸುವಾಗ, ಪಕ್ಕದಲ್ಲಿ ಕೂತವರನ್ನು ತಿವಿಯುವ ಸುಖವನ್ನು ಮಾತ್ರ ಮರೆತೇಬಿಟ್ಟಿದ್ದರು. ಅದನ್ನು ತೆಗೆದುಹಾಕಿ ಎಂದು ಇವರನ್ನು ಯಾರು ಕೇಳಿದ್ದರೋ.

ಮಗ ಒಳ್ಳೆಯವನು, ಒಳ್ಳೆಯವರಿಂದಲೇ ಇಂಥ ಅನಾಹುತಗಳಾಗುವುದು. ಎರಡು ಡಬ್ಬ ತಂದ. ಒಂದನ್ನು ಹಾಲಿನಲ್ಲಿ ಹೆಂಡತಿಗೆ ಜೋಡಿಸಿದ, ಇನ್ನೊಂದನ್ನು ಅಮ್ಮನ ಕೋಣೆಯಲ್ಲಿ ಹೊಸ ಟಿವಿಯ ಸಮೇತ ಇಟ್ಟ. ಇಬ್ಬರ ಕಿವಿಗೂ ಮೈಕಿರುವ ಒಂದೊಂದು ಹೆಡ್‌ಫೋನ್ ಹಾಕಿದ. ಆಟದೊಳಗೆ ಹೋಗಲು ಒಂದೊಂದು ಹೆಸರು ಬೇಕೆಂದಾಗ ಯಂತ್ರ ತಾನೇ ಹೆಸರು ಕೊಟ್ಟಿತು. ಸೊಸೆಗೆ ಧೀರ ಕೋಳಿ, ಕಂಡಕ್ಟರಮ್ಮನಿಗೆ ಶಾಂತ ಹಂದಿ. ಶಾಂತ ಎಂಬುದನ್ನು ಕೇಳಿ ಮನೆಯವರೆಲ್ಲ ನಕ್ಕರು. ಕಂಡಕ್ಟರಮ್ಮನೂ ನಕ್ಕರು, ಆದರೆ ನಗು ಪೂರ್ತಿ ಬರಲಿಲ್ಲ.

ಮೊದಲ ದಿನದಿಂದಲೇ ಅದು ಸರಿಹೋಗಲಿಲ್ಲ. ಹೆಡ್‌ಫೋನ್ ಕಿವಿ ಹಿಂಡುತ್ತದೆಂದು ಅವರು ಒಂದು ಕಿವಿಯಿಂದ ಅದನ್ನು ಜಾರಿಸಿಕೊಳ್ಳುತ್ತಿದ್ದರು. ಹಾಗಾಗಿ ಸೊಸೆ ಬೈದದ್ದು ಮೊದಲು ಗೋಡೆಯ ಮೂಲಕ ಬಂದು, ಒಂದು ತಿರುವು ದಾಟಿದ ಮೇಲೆ ಹೆಡ್‌ಫೋನಿನ ಮೂಲಕ ಇನ್ನೊಮ್ಮೆ ಬರುತ್ತಿತ್ತು. ಒಂದೇ ಬೈಗುಳ ಎರಡು ಸಲ ತಿನ್ನಬೇಕು. ಉತ್ತರ ಕೊಡುವಷ್ಟರಲ್ಲಿ ವಿಷಯವೇ ತಣ್ಣಗಾಗಿರುತ್ತಿತ್ತು. ವಾಲಿದರೆ ಮೇಲೆ ಬೀಳಲು ಯಾರೂ ಇಲ್ಲ, ಕಪಾಟಿಗೆ ತಲೆ ಹೊಡೆಯುವುದು. ಅವಳ ಅರ್ಧ ಪರದೆಯನ್ನು ಕದ್ದು ನೋಡೋಣವೆಂದರೆ ಅದು ಹಾಲಿನಲ್ಲಿ. ಮೇಲಾಗಿ ರೇಸಿನ ತುಂಬ ಎಲ್ಲೆಲ್ಲಿಯವರೋ ಅಪರಿಚಿತರು. ಕಂಡಕ್ಟರಮ್ಮ ಅವರಿಗೂ ಮೊದಮೊದಲು ಒಳಗೆ ಜಾಗ ಇದೆ, ಮುಂದೆ ಹೋಗಿ ಎಂದು ಹೇಳಿ ನೋಡಿದರು. ಒಂದು ಪಿಳ್ಳೆಯೂ ಜರುಗಲಿಲ್ಲ. ಆದರೂ ಬಿಡಲಿಲ್ಲ ಅವರು. ದಿನಾ ಸಂಜೆ ಕೋಣೆಯ ನಡುವೆ ಕಾಲು ಅಗಲಿಸಿ ನಿಂತು, ಆ ಜಾತ್ರೆಯೊಳಗೆ ತಮ್ಮ ಕೋಳಿಯನ್ನು ಹುಡುಕಿ ಹುಡುಕಿ ಬೈಯುತ್ತಿದ್ದರು.

ಒಂದು ಸಂಜೆ ರೇಸಿನ ನಡುವೆ ಅವರ ಪರದೆ ಕಪ್ಪಾಗಿ ಏನೋ ಅಕ್ಷರ ಮೂಡಿತು. ಮಗನನ್ನು ಕರೆದು ಓದಿಸಿದರು. ನಿಮ್ಮ ಮಾತಿನಿಂದ ನೋವಾಗಿದೆ ಎಂದು ಸಹ ಆಟಗಾರರೊಬ್ಬರು ಕಂಪ್ಲೇಂಟ್ ಕೊಟ್ಟಿದ್ದಾರೆ, ಒಂದು ವಾರದವರೆಗೆ ನೀವು ಆಡುವಂತಿಲ್ಲ, ಎಂದಿತ್ತು. ಅಂದರೆ ಏನು ಎಂದು ಕಂಡಕ್ಟರಮ್ಮ ಕೇಳಿದರು. ಮಗ ತಲೆ ಕೆರೆದುಕೊಂಡು, ಒಂಥರಾ ಸಸ್ಪೆಂಡು ಅಮ್ಮ ಎಂದ.

ಸಸ್ಪೆಂಡು! ಬಸ್ಸಿನ ಇಡೀ ಸರ್ವಿಸಿನಲ್ಲಿ ಬಾರದ ಮಾತು ಹಂದಿಯ ಗಾಡಿ ಓಡಿಸುವಾಗ ಬಂತು. ಅವರು ಮಂಚದ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅದಕ್ಕಿಂತ ದೊಡ್ಡ ಏಟು ತಾಗಿತು. ಆ ರೇಸಿನಲ್ಲಿದ್ದವರೆಲ್ಲ ಹೊರಗಿನವರು, ಬೇರೆ ಬೇರೆ ಭಾಷೆಯವರು. ಇವರು ಬೈದದ್ದು ಅವರಿಗೆ ನೋವಾಗಬೇಕಾದರೆ ಮೊದಲು ಅರ್ಥವಾಗಬೇಕಲ್ಲ? ಅರ್ಥವಾಗುವವಳು ಒಬ್ಬಳೇ. ಗೋಡೆಯಾಚೆ ಇದ್ದಳು. ಸ್ಟಿಕ್ಕು ಕೈಯಲ್ಲಿದ್ದಾಗ ಆಡಿದ ಮಾತನ್ನು ಅವಳು ಲೆಕ್ಕಕ್ಕೆ ಹಿಡಿದಳು, ಹಿಡಿದದ್ದಲ್ಲದೆ ಮೇಲಿನವರಿಗೆ ವರದಿ ಮಾಡಿದಳು. ಇಷ್ಟು ವರ್ಷ ನಗುನಗುತ್ತ ಕೇಳಿಸಿಕೊಂಡದ್ದೆಲ್ಲ ಅವಳ ಹೊಟ್ಟೆಯಲ್ಲಿ ಕೂತಿತ್ತೋ ಏನೋ ಎನ್ನಿಸಿ ಅವರಿಗೆ ನಿಜವಾಗಿ ದುಃಖವಾಯಿತು.

ಮುಖ ತೊಳೆದುಕೊಂಡು ಹೊರಗೆ ಬಂದರು. ಸೊಸೆ ಹಾಲಿನಲ್ಲಿ ಏನೋ ಹೇಳಲು ಬಾಯಿ ತೆರೆದು ನಿಂತಿದ್ದಳು. ಕಂಡಕ್ಟರಮ್ಮ ಅವಳಿಗೆ ಅವಕಾಶ ಕೊಡಲಿಲ್ಲ. ಬಾಮ್ಮ, ಟೀ ಮಾಡ್ತೀನಿ, ದಣಿದಿದ್ದೀಯ, ಕೂತ್ಕೋ ಎಂದರು. ಸೊಸೆಯ ಮುಖ ಬಿಳಿಚಿಕೊಂಡಿತು. ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ ಎಂದಳು. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ, ನೀವು ಮೊದಲು, ನೀನು ಮೊದಲು ಎನ್ನುತ್ತ ನಿಂತರು. ಅತ್ತ ಮೊದಲೇ ಕಾಯಲು ಇಟ್ಟಿದ್ದ ಹಾಲು ಉಕ್ಕಿ ಒಲೆ ಆರಿತು.

ಮಿಕ್ಕ ಮನೆಗಳಲ್ಲಿ ಜಗಳವೆಂದರೆ ಕೂಗಾಟ. ಈ ಮನೆಯಲ್ಲಿ ಜಗಳವೆಂದರೆ ಮರ್ಯಾದೆ. ಟವೆಲು ಮತ್ತೆ ಹಾಸಿಗೆಗೆ ಬಂದರೂ ಕಂಡಕ್ಟರಮ್ಮ ಚಕಾರವೆತ್ತದೆ ಒಣಗಿಸಿ ಮಡಚಿಟ್ಟರು. ಊಟದಲ್ಲಿ ಉಪ್ಪೇ ಇಲ್ಲದಿದ್ದರೂ ರುಚಿಯಾಗಿದೆಯಮ್ಮ ಎಂದು ಎರಡು ಸಲ ಹಾಕಿಸಿಕೊಂಡರು. ಸೊಸೆ ಹೆದರಿ ದಿನಕ್ಕೊಂದು ಪಟ್ಟು ಹೆಚ್ಚು ವಿನಯವಂತೆಯಾದಳು. ಒಂದು ಬೆಳಗ್ಗೆ ಸ್ನಾನಕ್ಕೆ ಯಾರು ಮೊದಲು ಹೋಗಬೇಕೆಂಬ ಉಪಚಾರ ಮುಗಿಯದೆ ಇಬ್ಬರೂ ಬಾತ್‌ರೂಮಿನ ಹೊರಗೆ ಬಕೆಟ್ ಹಿಡಿದು ನಿಂತಿದ್ದರು, ಅಷ್ಟರಲ್ಲಿ ಮಗ ಇಬ್ಬರ ನಡುವೆ ತೂರಿ ಹೋಗಿ ಸ್ನಾನ ಮಾಡಿ ಬಂದ. ಮನೆ ಎಷ್ಟು ಶಾಂತವಾಗಿದೆ ನೋಡಿ, ಈ ಹೊಸ ಡಬ್ಬ ತಂದದ್ದು ಒಳ್ಳೆಯದಾಯಿತು ಎಂದು ಅವನು ಅಂಗಡಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಪರರ ಕಣ್ಣು ಪರೀಕ್ಷೆ ಮಾಡುವವನ ಕಣ್ಣು ಹೀಗಿತ್ತು.

ಸಸ್ಪೆಂಡಿನ ವಾರ ಮುಗಿಯುವ ಮೊದಲೇ ಕಂಡಕ್ಟರಮ್ಮ, ತಂಗಿಯ ಮನೆಯಲ್ಲಿ ಹೋಗಿ ಇರುತ್ತೇನೆ ಎಂದು ಮಗನಿಗೆ ಹೇಳಿದರು. ಎಷ್ಟು ದಿನ ಎಂದು ಅವನು ಕೇಳಿದ್ದಕ್ಕೆ, ಇನ್ನು ಅಲ್ಲೇ ಎಂದರು. ಹೇಳುವಾಗ ಸೊಸೆ ಬೇಡವೆನ್ನಲಿ ಎಂದು ಕಾದರು. ಸೊಸೆ, ನಿಮಗೆ ಹೇಗೆ ಅನುಕೂಲವೋ ಹಾಗೆ ಅತ್ತೆ ಎಂದು ನೆಲ ನೋಡಿದಳು. ಕಂಡಕ್ಟರಮ್ಮನಿಗೆ ತಂಗಿಯ ಮನೆಯೆಂದರೆ ಅಷ್ಟಕ್ಕಷ್ಟೆ. ತಂಗಿ ಒಳ್ಳೆಯ ಹೆಂಗಸು, ಆದರೆ ಹುಟ್ಟಿದಾಗಿನಿಂದ ಅಕ್ಕನ ಎದುರು ಹೌದಕ್ಕ ಎಂಬುದು ಬಿಟ್ಟು ಬೇರೆ ಮಾತಾಡಿದವಳಲ್ಲ. ಮಳೆ ಬರುತ್ತಿದೆ ಎಂದರೂ ಹೌದಕ್ಕ, ಬಿಸಿಲಿದೆ ಎಂದರೂ ಹೌದಕ್ಕ. ಉಳಿದ ಆಯಸ್ಸನ್ನು ಆ ಹೌದಕ್ಕನ ಜೊತೆ ಕಳೆಯಬೇಕಲ್ಲ ಎಂದು ನೆನೆದು ಅವರಿಗೆ ಊಟ ಸೇರದಾಯಿತು. ಆದರೂ ಆಡಿದ ಮಾತು, ಹಿಂದೆ ತೆಗೆದುಕೊಳ್ಳುವುದು ಹೇಗೆ? ಸ್ಟಿಕ್ಕು ಕೂಡ ಕೈಯಲ್ಲಿರಲಿಲ್ಲ.

ಹೊರಡುವ ಬೆಳಗ್ಗೆ ಸೊಸೆ ಡ್ರೈವಿಂಗ್ ಸ್ಕೂಲಿಗೆ ರಜೆ ಹಾಕಿ, ಕೇಳದೆಯೇ ಅತ್ತೆಯ ಬಟ್ಟೆಗಳನ್ನು ಮಡಚಿ ಬ್ಯಾಗಿಗೆ ತುಂಬಿದಳು. ಕಂಡಕ್ಟರಮ್ಮ ಹಾಲಿನಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದರು. ಮಗ ಅವರ ಕೋಣೆಯ ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದ. ಮುಖದಲ್ಲಿ ಸಂತೋಷವೋ ಸಂತೋಷ.

"ಇದನ್ನೂ ತಗೊಂಡ್ಹೋಗಮ್ಮ. ನಾಳೆಗೆ ನಿನ್ನ ಸಸ್ಪೆಂಡ್ ಮುಗಿಯುತ್ತೆ. ಚಿಕ್ಕಮ್ಮನ ಮನೆಯಿಂದಾನೇ ನೀವಿಬ್ರೂ ಆಡ್ಬಹುದು. ಇಲ್ಲಿದ್ದ ಹಾಗೇ ಇರುತ್ತೆ, ಏನೂ ವ್ಯತ್ಯಾಸ ಇಲ್ಲ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗೋಡೆಯಾಚೆಯಿಂದ ಆಡಿದರೇನು, ಊರಾಚೆಯಿಂದ ಆಡಿದರೇನು? ಕಂಡಕ್ಟರಮ್ಮನಿಗೆ ನೋವಾದದ್ದು ಅದಕ್ಕೇ. ಅವರು ಬ್ಯಾಗಿನ ಕಡೆ ಕೈ ಚಾಚಿದರು. ಸೊಸೆಯ ಬಲಗಾಲು ನೆಲವನ್ನು ಬಲವಾಗಿ ಅದುಮಿತು.

"ನೀವು ಸ್ವಲ್ಪ ಸುಮ್ನಿರ್ತೀರಾ," ಎಂದಳು ಗಂಡನಿಗೆ. ಆಮೇಲೆ ಅತ್ತೆಯ ಕಡೆ ತಿರುಗಿ, "ಅತ್ತೆ, ಕಂಪ್ಲೇಂಟ್ ಒತ್ತಿದ್ದು ನಾನೇ," ಎಂದಳು.

"ಗೊತ್ತಮ್ಮ."

"ನಿಮ್ಮ ಮೇಲಲ್ಲ."

ಆಮೇಲೆ ಅವಳು ಒಂದೇ ಉಸಿರಿಗೆ ಹೇಳಿದ್ದು ಇಷ್ಟು. ಆ ದಿನದ ರೇಸಿನಲ್ಲಿ ಯಾವನೋ ಒಬ್ಬ, ಕರಡಿಯ ಗಾಡಿಯವನು, ಅತ್ತೆಯ ಕೂಗನ್ನು ಕಾಗೆಯ ಹಾಗೆ ಅಣಕಿಸಿ ಅಣಕಿಸಿ ನಗುತ್ತಿದ್ದ. ಅಂದು ಎರಡೂ ಕಿವಿಯಿಂದ ಹೆಡ್‌ಫೋನು ಜಾರಿಸಿಕೊಂಡಿದ್ದ ಕಂಡಕ್ಟರಮ್ಮನಿಗೆ ಅದು ಕೇಳಿಸಲಿಲ್ಲ, ಸೊಸೆಗೆ ಕೇಳಿಸಿತು. ಮೈಯೆಲ್ಲ ಉರಿದು ಅವನ ಮೇಲೆ ಕಂಪ್ಲೇಂಟ್ ಕೊಡಲು ಹೊರಟಳು. ಪರದೆಯ ಪಕ್ಕದಲ್ಲಿ ಯಾರು ಮುಂದೆ ಯಾರು ಹಿಂದೆ ಎಂಬ ಕ್ರಮದಲ್ಲಿ ಹೆಸರುಗಳು ಓಡುತ್ತಿರುತ್ತವೆ, ಬೇಕಾದ ಹೆಸರಿನ ಮೇಲೆ ಒತ್ತಬೇಕು. ಅವಳು ಕರಡಿಯ ಹೆಸರನ್ನು ಗುರಿಯಿಟ್ಟು ಒತ್ತುವುದಕ್ಕೂ, ಶಾಂತ ಹಂದಿ ಕರಡಿಯನ್ನು ಹಿಂದೆ ಹಾಕಿ ಆ ಜಾಗಕ್ಕೆ ಬರುವುದಕ್ಕೂ ಸರಿಹೋಯಿತು.

ಕಂಡಕ್ಟರಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡಿದ್ದ ಭಾರ ಇಳಿಯಬೇಕಿತ್ತು. ಅದಕ್ಕೆ ಮೊದಲು ಬೇರೊಂದು ವಿಷಯ ಖಾತ್ರಿಯಾಗಬೇಕಿತ್ತು.

"ಕರಡಿನ ಹಿಂದೆ ಹಾಕಿದ್ನಾ ನಾನು? ಎಲ್ಲಿ?"

"ಸೇತುವೆ ಇಳಿದ್ಮೇಲೆ. ರಾಂಗ್ ಸೈಡಲ್ಲಿ ಓವರ್‌ಟೇಕ್ ಮಾಡಿದ್ರಿ. ಲೈಸೆನ್ಸ್ ಟೆಸ್ಟಲ್ಲಾದ್ರೆ ಫೇಲು."

ಅದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ಮಗ ಬಾಯಿ ಹಾಕಿದ. ಹೇಳಲು ಹೋದರೆ ಅತ್ತೆ ಟೀ ಮಾಡುತ್ತೇನಮ್ಮ ಎಂದರು, ಅವರು ಅಷ್ಟು ಮೆತ್ತಗೆ ಮಾತಾಡಿದರೆ ತನ್ನ ಕೈಕಾಲು ತಣ್ಣಗಾಗುತ್ತದೆ, ಸ್ಟಿಕ್ಕು ಇಲ್ಲದೆ ಅವರಿಗೆ ಏನನ್ನಾದರೂ ಹೇಳುವುದು ಹೇಗೆಂದು ತನಗೆ ಗೊತ್ತೇ ಇಲ್ಲ ಎಂದಳು ಸೊಸೆ. ಹೇಳುತ್ತ ಹೇಳುತ್ತ ಅವಳ ದನಿ ಏರಿತು.

"ದಿನಾ ಪೂರ್ತಿ ರೋಡಲ್ಲಿ ಹಲ್ಲು ಕಚ್ಕೊಂಡು ನಗ್ತಾ ಇರ್ತೀನಿ. ಮನೇಲಿ ಬೈಯೋಕೆ ಅತ್ತೆ ಇದ್ದಾರೆ, ಬೈಸ್ಕೊಳ್ಳೋಕೆ ಅತ್ತೆ ಇದ್ದಾರೆ ಅಂತ ಓಡ್ಬರ್ತೀನಿ. ಪ್ರಪಂಚದ ಜೊತೆ ನನಗೇನು ಕೆಲಸ? ನೀವು ಹೋಗ್ಬೇಡಿ." ಹೇಳಿಯಾದ ಮೇಲೆ ತನ್ನ ಬರಿಗೈ ನೋಡಿಕೊಂಡಳು. "ಇದನ್ನ ಲೆಕ್ಕಕ್ಕೆ ಹಿಡ್ಕೊಳ್ಳಿ."

ಕಂಡಕ್ಟರಮ್ಮ ಬಗ್ಗಿ ಬ್ಯಾಗಿನ ಜಿಪ್ಪು ಎಳೆದರು. ಒಳಗೆ ಬಟ್ಟೆಗಳೆಲ್ಲ ಉಂಡೆ ಉಂಡೆಯಾಗಿ, ತೋಳೊಂದು ಕಡೆ, ಅಂಚೊಂದು ಕಡೆ ತುರುಕಿದ್ದವು. ಒಂದು ಉಂಡೆಯನ್ನು ಮೇಲೆತ್ತಿ ಹಿಡಿದು ನೋಡಿದರು.

"ಇದೇನೇ ಇದು? ಮಡಚಿರೋದಾ, ಹಿಂಡಿರೋದಾ? ಬಟ್ಟೆ ಹಿಡಿಯೋಕೆ ಬರಲ್ಲ, ನೀನು ಊರಿಗೆಲ್ಲ ಕಾರ್ ಹಿಡಿಯೋದು ಕಲಿಸ್ತೀಯಾ? ಹೋಗ್ಬೇಡಿ ಅಂತ ಬಾಯ್ಬಿಟ್ಟು ಹೇಳೋಕೆ ಇವತ್ತಿನ ತನಕ ಕಾದ್ಯಾ? ನನ್ನ ಬಾಯಿಗೂ ಅಷ್ಟೇ, ಏನೋ ಬಡಿದಿತ್ತು ಅನ್ನು. ನಂಗೆ ಹೋಗೋಕೆ ಮನಸ್ಸಿಲ್ಲ ಕಣೇ. ಒಂಚೂರೂ ಇಲ್ಲ."

ಮಗ ಬೆಡ್‌ಶೀಟಿನ ಗಂಟನ್ನು ಎದೆಗವಚಿಕೊಂಡು, ಹಾಗಾದರೆ ಇದನ್ನು ಎಲ್ಲಿಡಲಿ ಎಂದು ಕೇಳಿದ. ಕೈಯಲ್ಲಿ ಸ್ಟಿಕ್ಕಿಲ್ಲದೆ ಅತ್ತೆ ಸೊಸೆಯನ್ನು ಬೈದದ್ದು ಅದೇ ಮೊದಲು, ಬೈದದ್ದೆಲ್ಲ ಲೆಕ್ಕಕ್ಕಿತ್ತು. ಸೊಸೆ ನಿಂತಲ್ಲೇ ಅತ್ತುಬಿಟ್ಟಳು.